ಅನುಮತಿತ್ಯಾಗ: ಬೀಗದ ಕೈ ಕೊಟ್ಟ ಮೇಲಿನ ಸಾಧನೆ

ಹಿರಿಯರೊಬ್ಬರು ನಾಲ್ಕು ದಶಕ ನಡೆಸಿದ ಅಂಗಡಿಯನ್ನು ಮಗನಿಗೆ ಒಪ್ಪಿಸುತ್ತಾರೆ. ಒಳ್ಳೆಯ ದಿನ ನೋಡಿ, ಬಸದಿಯಲ್ಲಿ ಅಭಿಷೇಕ ಮಾಡಿಸಿ, ಬಂಧುಗಳ ಎದುರಿನಲ್ಲಿ ಬೀಗದ ಕೈ ಗೊಂಚಲನ್ನು ಮಗನ ಕೈಯಲ್ಲಿಡುತ್ತಾರೆ. ‘ಇನ್ನು ಎಲ್ಲವೂ ನಿನ್ನದೇ ಮಗೂ, ನನಗೆ ಸ್ವಾಧ್ಯಾಯ ಸಾಮಾಯಿಕಗಳಷ್ಟೇ ಸಾಕು’ ಎನ್ನುತ್ತಾರೆ. ನೆರೆದವರಿಗೆಲ್ಲ ಸಂತೋಷವಾಗುತ್ತದೆ. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಅವರು ಅಲ್ಲಿರುತ್ತಾರೆ, ಸುಮ್ಮನೆ ನೋಡಿ ಹೋಗಲೆಂದು. ಗಲ್ಲೆಯ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿಕೊಳ್ಳುತ್ತಾರೆ. ಆ ಸಾಮಾನು ಈ ಕಡೆ ಇದ್ದರೆ ಒಳ್ಳೆಯದಿತ್ತು ಎನ್ನುತ್ತಾರೆ. ಆ ಗಿರಾಕಿಗೆ ಉದ್ದರಿ ಕೊಟ್ಟದ್ದು ಏಕೆ ಎಂದು ಕೇಳುತ್ತಾರೆ. ಬಿಲ್ಲಿನ ಪುಸ್ತಕವನ್ನು ಒಮ್ಮೆ ತಿರುವಿ ನೋಡುತ್ತಾರೆ.

ತಿಂಗಳು ಕಳೆಯುವಷ್ಟರಲ್ಲಿ ಅಂಗಡಿಯ ಆಳುಗಳಿಗೆ ಒಂದು ಸಂಗತಿ ತಿಳಿದುಹೋಗುತ್ತದೆ: ಬೀಗದ ಕೈ ಮಗನ ಬಳಿ ಇದೆ, ಅಂಗಡಿ ಮಾತ್ರ ಇನ್ನೂ ತಂದೆಯ ಬಳಿಯೇ ಇದೆ. ‘ದೊಡ್ಡ ಯಜಮಾನರನ್ನು ಒಂದು ಮಾತು ಕೇಳಿಬಿಡೋಣ’ ಎಂಬುದು ಅವರ ರೂಢಿಯಾಗುತ್ತದೆ. ಮಗನೂ ಕ್ರಮೇಣ ತಾನಾಗಿ ಏನನ್ನೂ ನಿರ್ಧರಿಸುವುದನ್ನು ಬಿಡುತ್ತಾನೆ. ಹೇಗೆ ಮಾಡಿದರೂ ತಿದ್ದುಪಡಿ ಬರುವುದು ಖಚಿತವೆಂದಾದ ಮೇಲೆ ಮೊದಲೇ ಕೇಳಿಬಿಡುವುದು ಸುಲಭವಲ್ಲವೇ? ಅದನ್ನು ಕಂಡ ತಂದೆ ನಿಟ್ಟುಸಿರು ಬಿಟ್ಟು, ‘ನಾನಿಲ್ಲದಿದ್ದರೆ ಇಲ್ಲಿ ಒಂದೂ ನಡೆಯುವುದಿಲ್ಲ’ ಎಂದು ನೆರೆಯವರಲ್ಲಿ ಹೇಳಿಕೊಳ್ಳುತ್ತಾರೆ. ಆ ಮಾತಿನಲ್ಲಿ ಬೇಸರ ಎಷ್ಟಿದೆಯೋ, ಒಳಗೊಳಗೇ ಒಂದು ತೃಪ್ತಿಯೂ ಅಷ್ಟೇ ಇರುತ್ತದೆ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ತರಗತಿ ತರಗತಿಗೂ ಇಣುಕಿ ಪಾಠದ ನಡುವೆ ಶಿಕ್ಷಕರನ್ನು ತಿದ್ದುವ ಮುಖ್ಯೋಪಾಧ್ಯಾಯರು, ಪೂಜೆಯ ಹೂವಿನಿಂದ ಪಂಕ್ತಿಯ ಎಲೆಯವರೆಗೆ ಎಲ್ಲವೂ ತಮ್ಮ ಕಣ್ಣೆದುರೇ ಆಗಬೇಕೆನ್ನುವ ಬಸದಿ ಸಮಿತಿಯ ಅಧ್ಯಕ್ಷರು, ಸೊಸೆ ಒಗ್ಗರಣೆ ಹಾಕುವಾಗ ಪಕ್ಕದಲ್ಲೇ ನಿಲ್ಲುವ ಅತ್ತೆ, ಕೈಕೆಳಗಿನವರ ಪ್ರತಿಯೊಂದು ಪತ್ರವನ್ನೂ ತಾವೇ ಮತ್ತೆ ಬರೆಯುವ ಅಧಿಕಾರಿ, ಇವರೆಲ್ಲರೂ ಒಂದೇ ಸಾಲಿನವರು. ಇಂದಿನ ಆಡಳಿತಶಾಸ್ತ್ರ ಇದನ್ನು ‘ಮೈಕ್ರೋಮ್ಯಾನೇಜ್‌ಮೆಂಟ್’ ಎಂದು ಕರೆದು, ಕೆಲಸದ ದಕ್ಷತೆಯನ್ನು ಕುಂದಿಸುವ ದೋಷವೆಂದು ಎಣಿಸುತ್ತದೆ. ಮನೆಮಾತಿನಲ್ಲಿ ಇದು ‘ಎಲ್ಲದರಲ್ಲೂ ಕೈಯಾಡಿಸುವುದು’. ಜೈನಾಚಾರ್ಯರು ಇದನ್ನು ಇನ್ನೂ ಆಳವಾಗಿ ನೋಡಿದರು. ಇದು ಕೆಲಸವನ್ನು ಕೆಡಿಸುವುದಕ್ಕಿಂತ ಮೊದಲು ಕೈಯಾಡಿಸುವವನ ಆತ್ಮವನ್ನೇ ಕಟ್ಟಿಹಾಕುತ್ತದೆ ಎಂದು ಕಂಡುಕೊಂಡು, ಅದರಿಂದ ಬಿಡುಗಡೆಯಾಗಲು ಗೃಹಸ್ಥನಿಗೆ ಒಂದು ಪ್ರತ್ಯೇಕ ಮೆಟ್ಟಿಲನ್ನೇ ಕಟ್ಟಿಕೊಟ್ಟರು.

ಶ್ರಾವಕನ ಸಾಧನೆಯನ್ನು ಶಾಸ್ತ್ರಗಳು 11 ಪ್ರತಿಮೆಗಳಾಗಿ ವಿಂಗಡಿಸಿವೆ. ಪ್ರತಿಮೆ ಎಂದರೆ ಇಲ್ಲಿ ವಿಗ್ರಹವಲ್ಲ, ಸಾಧನೆಯ ಒಂದು ನೆಲೆ, ಒಂದು ಮೆಟ್ಟಿಲು. ದರ್ಶನ, ವ್ರತ, ಸಾಮಾಯಿಕ, ಪ್ರೋಷಧ, ಸಚಿತ್ತತ್ಯಾಗ, ರಾತ್ರಿಭುಕ್ತಿತ್ಯಾಗ, ಬ್ರಹ್ಮಚರ್ಯ ಎಂಬ ಏಳು ಮೆಟ್ಟಿಲುಗಳನ್ನು ಏರಿದವನು ಎಂಟನೆಯದಾದ ಆರಂಭತ್ಯಾಗಕ್ಕೆ ಬರುತ್ತಾನೆ. ವ್ಯಾಪಾರ, ಕೃಷಿ, ಸೇವೆ ಮೊದಲಾದ ಉದ್ಯೋಗಗಳನ್ನು ಅಲ್ಲಿ ನಿಲ್ಲಿಸುತ್ತಾನೆ. ಒಂಬತ್ತನೆಯದು ಪರಿಗ್ರಹತ್ಯಾಗ. ಆಸ್ತಿ, ಹಣ, ಮನೆಯ ಯಜಮಾನಿಕೆಗಳ ಮೇಲಿನ ಮಮತೆಯನ್ನು ಅಲ್ಲಿ ಬಿಡುತ್ತಾನೆ. ಹತ್ತನೆಯದು ಅನುಮತಿತ್ಯಾಗ. ಹನ್ನೊಂದನೆಯದಾದ ಉದ್ದಿಷ್ಟತ್ಯಾಗದಲ್ಲಿ ತನಗಾಗಿಯೇ ಸಿದ್ಧಪಡಿಸಿದ ಆಹಾರವನ್ನೂ ಬಿಡುತ್ತಾನೆ. ಅದರಾಚೆ ಇರುವುದು ಮುನಿಧರ್ಮ.

ಈ ಕ್ರಮವನ್ನು ಒಂದು ಕ್ಷಣ ನಿಂತು ನೋಡಬೇಕು. ಕೆಲಸ ಬಿಡುವುದು ಎಂಟನೆಯದು, ಆಸ್ತಿ ಬಿಡುವುದು ಒಂಬತ್ತನೆಯದು, ಅಭಿಪ್ರಾಯ ಬಿಡುವುದು ಹತ್ತನೆಯದು. ಲೌಕಿಕ ದೃಷ್ಟಿಗೆ ಇದು ತಲೆಕೆಳಗಾಗಿ ಕಾಣಬಹುದು. ಹಣ ಬಿಡುವುದಲ್ಲವೇ ಕಷ್ಟ? ‘ಹೀಗೆ ಮಾಡು, ಹಾಗೆ ಮಾಡಬೇಡ’ ಎಂಬ ಎರಡು ಮಾತುಗಳನ್ನು ಬಿಡುವುದರಲ್ಲಿ ಏನಿದೆ? ಆದರೆ ಮನುಷ್ಯಸ್ವಭಾವವನ್ನು ಬಲ್ಲ ಆಚಾರ್ಯರು ಬೇರೆಯೇ ಹೇಳಿದರು. ಆಸ್ತಿಯನ್ನು ಬರೆದುಕೊಟ್ಟ ಮೇಲೆಯೂ ಒಂದು ಸಂಪತ್ತು ಕೈಯಲ್ಲಿ ಉಳಿದಿರುತ್ತದೆ. ತಾನು ಬಲ್ಲೆನೆಂಬ ಭಾವ, ತನ್ನ ಮಾತು ನಡೆಯಬೇಕೆಂಬ ಆಸೆ ಅದು. ಅದಕ್ಕೆ ಪತ್ರವಿಲ್ಲ, ಪಹಣಿಯಿಲ್ಲ, ಆದ್ದರಿಂದ ಅದನ್ನು ಹಸ್ತಾಂತರಿಸಿದೆನೆಂದು ಯಾವ ಕಚೇರಿಯೂ ಬರೆದುಕೊಡಲಾರದು. ಹೊರಗಿನ ಪರಿಗ್ರಹ ಹೋದ ಮೇಲೆ ಒಳಗಿನ ಈ ಪರಿಗ್ರಹ ಇನ್ನಷ್ಟು ಬಲವಾಗುವುದೂ ಉಂಟು. ಅಧಿಕಾರವಿದ್ದಾಗ ದಿನಕ್ಕೆ ಹತ್ತು ಮಾತು ಆಡುತ್ತಿದ್ದವರು ಅಧಿಕಾರ ಬಿಟ್ಟ ಮೇಲೆ ನೂರು ಮಾತು ಆಡುವುದನ್ನು ಎಲ್ಲ ಊರುಗಳಲ್ಲೂ ಕಾಣಬಹುದು.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಈ ಹತ್ತನೆಯ ಪ್ರತಿಮೆಯನ್ನು ವಿವರಿಸುತ್ತ, ಉದ್ಯೋಗ, ಪರಿಗ್ರಹ ಮತ್ತು ಇಹದ ವ್ಯವಹಾರಗಳಲ್ಲಿ ಯಾರಿಗೆ ಅನುಮತಿಯಿಲ್ಲವೋ, ಯಾರ ಬುದ್ಧಿ ಸಮವಾಗಿದೆಯೋ ಅವರೇ ಅನುಮತಿವಿರತರು ಎಂಬ ಅರ್ಥದ ಮಾತನ್ನು ಹೇಳುತ್ತಾರೆ. ಬುದ್ಧಿ ಸಮವಾಗಿರಬೇಕು ಎಂಬ ಈ ನಿಬಂಧನೆ ಬಹಳ ಮುಖ್ಯವಾದದ್ದು. ಬಾಯಿ ಮುಚ್ಚಿಕೊಂಡು ಮುಖ ಊದಿಸಿಕೊಳ್ಳುವುದು ಅನುಮತಿತ್ಯಾಗವಲ್ಲ. ‘ನನ್ನನ್ನು ಯಾರು ಕೇಳುತ್ತಾರೆ, ಏನಾದರೂ ಮಾಡಿಕೊಳ್ಳಲಿ’ ಎಂದು ಮೂಲೆಯಲ್ಲಿ ಕುಳಿತು, ತಪ್ಪಾಗುವುದನ್ನೇ ಕಾಯುತ್ತ, ತಪ್ಪಾದೊಡನೆ ‘ನಾನು ಮೊದಲೇ ಅಂದುಕೊಂಡಿದ್ದೆ’ ಎನ್ನುವುದು ಮೌನದ ವೇಷ ತೊಟ್ಟ ಅಧಿಕಾರವೇ. ಕೆಲಸ ತನ್ನ ರೀತಿಯಲ್ಲಿ ನಡೆದರೂ ಬೇರೆ ರೀತಿಯಲ್ಲಿ ನಡೆದರೂ ಮನಸ್ಸು ಒಂದೇ ಸಮನಾಗಿದ್ದರೆ ಮಾತ್ರ ಆ ಮೌನ ವ್ರತವಾಗುತ್ತದೆ.

ಒಂದು ಒಪ್ಪಿಗೆಯ ಮಾತಿಗೆ ಇಷ್ಟು ಮಹತ್ವವೇಕೆ ಎಂಬ ಪ್ರಶ್ನೆಗೆ ಉತ್ತರ ಜಪಮಾಲೆಯಲ್ಲಿಯೇ ಇದೆ. ಕರ್ಮದ ಆಸ್ರವಕ್ಕೆ ಜೀವವು ಆಶ್ರಯವಾಗುವ ಬಗೆಗಳನ್ನು ‘ತತ್ತ್ವಾರ್ಥಸೂತ್ರ’ ಎಣಿಸುತ್ತದೆ. ಕೆಲಸದ ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು ಹಂತಗಳು. ಮನ, ವಚನ, ಕಾಯ ಎಂಬ ಮೂರು ಸಾಧನಗಳು. ತಾನೇ ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು ರೀತಿಗಳು. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳು. ಇವನ್ನು ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ 108 ಮಣಿಗಳಿಗೂ ಈ 108 ಬಗೆಗಳಿಗೂ ಇರುವ ಸಂಬಂಧವನ್ನು ಹಿರಿಯರು ಮಕ್ಕಳಿಗೆ ಹೇಳಿಕೊಡುವುದುಂಟು. ಈ ಲೆಕ್ಕದಂತೆ ತಾನು ಕೈಯಿಂದ ಮಾಡಿದ್ದು 36 ಮಾತ್ರ. ಇನ್ನು 72 ಬಗೆಗಳು ಮಾಡಿಸಿದ್ದರಿಂದಲೂ ಅನುಮೋದಿಸಿದ್ದರಿಂದಲೂ ಬರುವಂಥವು. ಕುರ್ಚಿಯ ಮೇಲೆ ಸುಮ್ಮನೆ ಕುಳಿತು ಎಲ್ಲವನ್ನೂ ನಡೆಸುವವನು ತಾನೇನೂ ಮಾಡುತ್ತಿಲ್ಲವೆಂದು ತಿಳಿದಿದ್ದರೆ ಅದು ಲೆಕ್ಕ ತಪ್ಪಿದ ತಿಳಿವಳಿಕೆ.

ಈ ಕೈಯಾಡಿಸುವ ಚಪಲದ ಬೇರು ಎಲ್ಲಿದೆ? ಬಹುಮಟ್ಟಿಗೆ ಎರಡು ಕಡೆ. ಒಂದು ಮಾನಕಷಾಯ, ಇನ್ನೊಂದು ಭಯ. ತಾನು ಮಾಡಿದಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಾರರೆಂಬುದು ಮಾನ. ತಾನಿಲ್ಲದೆಯೂ ಎಲ್ಲ ನಡೆದುಹೋದರೆ ತನ್ನ ಬೆಲೆಯೇನು ಎಂಬುದು ಭಯ. ಇವೆರಡೂ ಹೊರಗೆ ಕಾಳಜಿಯ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಆದ್ದರಿಂದಲೇ ಇವನ್ನು ಗುರುತಿಸುವುದು ಕಷ್ಟ. ‘ಅವನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ’ ಎಂಬ ಮಾತು ನಿಜವೂ ಆಗಿರಬಹುದು. ಆದರೆ ಆ ಒಳ್ಳೆಯದು ತನ್ನ ಸಲಹೆಯಿಲ್ಲದೆಯೇ ಆದಾಗ ಮನಸ್ಸಿಗೆ ಎಳ್ಳಷ್ಟಾದರೂ ಕಸಿವಿಸಿಯಾದರೆ, ಅಲ್ಲಿ ಕಾಳಜಿಯ ಜೊತೆಗೆ ಬೇರೇನೋ ಸೇರಿತ್ತೆಂದೇ ಅರ್ಥ.

ಕುಂದಕುಂದಾಚಾರ್ಯರು ‘ಸಮಯಸಾರ’ದಲ್ಲಿ ಕರ್ತೃತ್ವದ ಈ ಭ್ರಮೆಯನ್ನು ವಿಚಾರಿಸುವಾಗ ಮಣ್ಣು ಮತ್ತು ಕುಂಬಾರನ ನಿದರ್ಶನವನ್ನು ತರುತ್ತಾರೆ. ಮಡಕೆಯಾಗುವುದು ಮಣ್ಣೇ. ಕುಂಬಾರನ ಗುಣವಾಗಲಿ ಜೀವವಾಗಲಿ ಮಡಕೆಯೊಳಗೆ ಹೋಗಿ ಸೇರುವುದಿಲ್ಲ. ಕುಂಬಾರ, ಚಕ್ರ, ಕೋಲು ಇವೆಲ್ಲ ನಿಮಿತ್ತಗಳು. ಮಡಕೆಯಾಗುವ ಯೋಗ್ಯತೆ ಮಣ್ಣಿನದು, ಅದನ್ನು ಉಪಾದಾನ ಎನ್ನುತ್ತಾರೆ. ನಿಮಿತ್ತ ಬೇಡವೆಂದು ಇದರರ್ಥವಲ್ಲ. ಕುಂಬಾರ ಮನೆಯಲ್ಲಿ ಮಲಗಿದರೆ ಮಣ್ಣು ತಾನಾಗಿ ಚಕ್ರವನ್ನು ಏರುವುದಿಲ್ಲ. ಆದರೆ ನಿಮಿತ್ತವು ತನ್ನ ಮಿತಿಯನ್ನು ಅರಿಯಬೇಕು. ಚಕ್ರದ ಮೇಲೆ ಆಕಾರ ಪಡೆದ ಹಸಿ ಮಡಕೆಯನ್ನು ಕುಂಬಾರ ದಾರದಿಂದ ಬಿಡಿಸಿ ನೆರಳಿನಲ್ಲಿ ಇಡುತ್ತಾನೆ. ಒಣಗುವವರೆಗೆ ಮತ್ತೆ ಮತ್ತೆ ಮುಟ್ಟಿ ಸವರುತ್ತಾ ಕೂತರೆ ಅದು ಸೊಟ್ಟಗಾಗುತ್ತದೆ. ಎಲ್ಲಿಯವರೆಗೆ ಕೈ ಬೇಕು, ಎಲ್ಲಿಂದ ಕೈ ಬೇಡ ಎಂಬುದನ್ನು ತಿಳಿದಿರುವುದೇ ಅವನ ಕಸುಬಿನ ಅರ್ಧ.

ನಾಯಕನಿಗೆ ಇನ್ನೂ ಒಳ್ಳೆಯ ಮಾದರಿ ಷಡ್ದ್ರವ್ಯಗಳ ವಿಚಾರದಲ್ಲಿ ದೊರೆಯುತ್ತದೆ. ಜೈನದರ್ಶನ ಹೇಳುವ ಆರು ದ್ರವ್ಯಗಳಲ್ಲಿ ಧರ್ಮದ್ರವ್ಯವೆಂಬುದು ಒಂದು. ಇಲ್ಲಿ ಧರ್ಮವೆಂದರೆ ಪುಣ್ಯಕಾರ್ಯವಲ್ಲ, ಜೀವ ಮತ್ತು ಪುದ್ಗಲಗಳ ಚಲನೆಗೆ ನೆರವಾಗುವ ದ್ರವ್ಯ. ಅದರ ನೆರವು ಹೇಗೆ ಎಂಬುದಕ್ಕೆ ಶಾಸ್ತ್ರಗಳು ನೀರು ಮತ್ತು ಮೀನಿನ ಉಪಮೆಯನ್ನು ಕೊಡುತ್ತವೆ. ನೀರಿಲ್ಲದೆ ಮೀನು ಈಜಲಾರದು, ಆದರೆ ನೀರು ಮೀನನ್ನು ತಳ್ಳುವುದಿಲ್ಲ, ಇತ್ತ ಹೋಗು ಅತ್ತ ಹೋಗು ಎನ್ನುವುದಿಲ್ಲ. ಅಧರ್ಮದ್ರವ್ಯವು ನಿಲ್ಲುವುದಕ್ಕೆ ನೆರವಾಗುವ ಬಗೆಯೂ ಹಾಗೆಯೇ. ದಾರಿಹೋಕನಿಗೆ ಮರದ ನೆರಳು ಸಿಕ್ಕಂತೆ ಅದು. ನೆರಳು ಯಾರನ್ನೂ ಕೈಹಿಡಿದು ನಿಲ್ಲಿಸುವುದಿಲ್ಲ, ನಿಲ್ಲಬಯಸಿದವನಿಗೆ ಒದಗುತ್ತದೆ. ಆಕಾಶದ್ರವ್ಯವು ಎಲ್ಲಕ್ಕೂ ಇರಲು ಜಾಗ ಕೊಡುತ್ತದೆ. ಇಡೀ ಲೋಕ ನಡೆಯುತ್ತಿರುವುದು ಇಂಥ ಸದ್ದಿಲ್ಲದ ನೆರವಿನಿಂದಲೇ ಎಂಬ ದರ್ಶನವನ್ನು ಪಡೆದ ಸಮಾಜದಲ್ಲಿ, ಹಿರಿಯನೊಬ್ಬ ಕಿರಿಯರಿಗೆ ನೀರಿನಂತೆ, ನೆರಳಿನಂತೆ, ಜಾಗದಂತೆ ಇರಲು ಕಲಿಯುವುದು ಸಹಜವೇ ಆಗಬೇಕು.

ಇಲ್ಲಿ ಒಂದು ಆಕ್ಷೇಪ ಏಳುವುದು ನ್ಯಾಯವೇ. ಹಾಗಾದರೆ ನಾಯಕನು ಏನನ್ನೂ ನೋಡಬಾರದೇ? ಲೆಕ್ಕ ಕೇಳಬಾರದೇ? ತಪ್ಪು ಕಂಡರೂ ಸುಮ್ಮನಿರಬೇಕೇ? ಖಂಡಿತ ಇಲ್ಲ. ಮೊದಲನೆಯದಾಗಿ, ಹತ್ತನೆಯ ಪ್ರತಿಮೆ ಜವಾಬ್ದಾರಿಯನ್ನು ಒಪ್ಪಿಸಿ ಆದವನಿಗೆ ಹೇಳಿದ್ದು, ಜವಾಬ್ದಾರಿ ಹೊತ್ತವನು ನುಣುಚಿಕೊಳ್ಳಲು ಹೇಳಿದ್ದಲ್ಲ. ಎರಡನೆಯದಾಗಿ, ಜವಾಬ್ದಾರಿ ಹೊತ್ತವನು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಸಂಘದ ಆಚಾರ್ಯನೇ ಮಾದರಿಯಾಗಿದ್ದಾನೆ. ಆಚಾರ್ಯನು ಪಂಚಾಚಾರಗಳನ್ನು ತಾನು ಮೊದಲು ಆಚರಿಸುತ್ತಾನೆ, ಅನಂತರ ಶಿಷ್ಯರಿಂದ ಆಚರಿಸಿಸುತ್ತಾನೆ. ದೀಕ್ಷೆ ಕೊಡುವಾಗ 28 ಮೂಲಗುಣಗಳನ್ನು ಸ್ಪಷ್ಟವಾಗಿ ತಿಳಿಸುತ್ತಾನೆ. ದೋಷವಾದಾಗ ಶಿಷ್ಯನೇ ಬಂದು ಗುರುವಿನ ಮುಂದೆ ಆಲೋಚನೆ ಮಾಡುತ್ತಾನೆ, ಎಂದರೆ ತನ್ನ ತಪ್ಪನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ. ಗುರು ಅದನ್ನು ಕೇಳಿ, ಅವನ ಶಕ್ತಿ ಮತ್ತು ದೋಷಕ್ಕೆ ತಕ್ಕ ಪ್ರಾಯಶ್ಚಿತ್ತವನ್ನು ಕೊಡುತ್ತಾನೆ. ಕೇಳಿದ್ದನ್ನು ಇನ್ನೊಬ್ಬರ ಬಳಿ ಆಡುವುದಿಲ್ಲ. ಆಚಾರ್ಯನ ಗುಣಗಳಲ್ಲಿ ‘ಅಪರಿಸ್ರಾವಿ’ ಎಂಬುದು ಒಂದು. ಹೇಳಿದ್ದು ಹೊರಗೆ ಸೋರದಂತೆ ಇಟ್ಟುಕೊಳ್ಳುವವನು ಎಂದು ಅದರ ಅರ್ಥ.

ಈ ವ್ಯವಸ್ಥೆಯಲ್ಲಿ ನಿಯಮವಿದೆ, ಲೆಕ್ಕವಿದೆ, ತಿದ್ದುಪಡಿಯೂ ಇದೆ. ಆದರೆ ಶಿಷ್ಯ ನಡೆಯುವಾಗ ಪ್ರತಿ ಹೆಜ್ಜೆಗೂ ಗುರು ಅವನ ಪಾದ ಹಿಡಿದು ಇಡಿಸುವುದಿಲ್ಲ. ಈರ್ಯಾಸಮಿತಿಯನ್ನು ಪಾಲಿಸಬೇಕಾದ ಕಣ್ಣು ಶಿಷ್ಯನದೇ, ಪಿಂಛಿಯಿಂದ ನೆಲವನ್ನು ಮೃದುವಾಗಿ ಸವರಬೇಕಾದ ಕೈಯೂ ಅವನದೇ. ಮೇಲ್ವಿಚಾರಣೆಗೂ ಕೈಯಾಡಿಸುವುದಕ್ಕೂ ಇರುವ ವ್ಯತ್ಯಾಸ ಇದೇ. ಮೇಲ್ವಿಚಾರಕನು ಏನಾಗಬೇಕೆಂಬುದನ್ನು ಮೊದಲೇ ಹೇಳಿ, ಆದದ್ದನ್ನು ಗೊತ್ತಾದ ಹೊತ್ತಿನಲ್ಲಿ ವಿಚಾರಿಸುತ್ತಾನೆ. ಕೈಯಾಡಿಸುವವನು ಏನಾಗಬೇಕೆಂಬುದನ್ನು ಸ್ಪಷ್ಟವಾಗಿ ಹೇಳುವುದೇ ಇಲ್ಲ, ಆಗುತ್ತಿರುವಾಗಲೆಲ್ಲ ಅಡ್ಡ ಬರುತ್ತಾನೆ. ಮೊದಲನೆಯವನ ಬಳಿಗೆ ಜನ ತಮ್ಮ ತಪ್ಪನ್ನು ತಾವೇ ತಂದು ಹೇಳುತ್ತಾರೆ. ಎರಡನೆಯವನಿಂದ ಮುಚ್ಚಿಡಲು ಕಲಿಯುತ್ತಾರೆ.

ಆಚಾರ್ಯನಿಗೂ ಒಂದು ದಿನ ಬಿಡುವ ಕಾಲ ಬರುತ್ತದೆ. ಆ ಕಾಲಕ್ಕೆ ಶಾಸ್ತ್ರ ಹೇಳುವ ವಿಧಿ ಇಂದಿನ ಎಲ್ಲ ಸಂಸ್ಥೆಗಳ ಮುಖ್ಯಸ್ಥರೂ ಗಮನಿಸತಕ್ಕದ್ದು. ಶಿವಾರ್ಯರ ‘ಭಗವತೀ ಆರಾಧನಾ’ ಸಲ್ಲೇಖನೆಯ ಕ್ರಮವನ್ನು ವಿಸ್ತಾರವಾಗಿ ನಿರೂಪಿಸುವ ಪ್ರಾಚೀನ ಗ್ರಂಥ. ಕನ್ನಡದ ‘ವಡ್ಡಾರಾಧನೆ’ಯ 19 ಕಥೆಗಳು ಈ ಆರಾಧನಾ ಪರಂಪರೆಗೆ ಸೇರಿದವು. ಸಲ್ಲೇಖನೆಯನ್ನು ಬಯಸುವ ಆಚಾರ್ಯನು ಮೊದಲು ಯೋಗ್ಯನಾದ ಶಿಷ್ಯನನ್ನು ತನ್ನ ಸ್ಥಾನದಲ್ಲಿ ನಿಲ್ಲಿಸಬೇಕು, ಇಡೀ ಗಣದ ಕ್ಷಮೆ ಕೇಳಬೇಕು, ಹೊಸ ಆಚಾರ್ಯನಿಗೂ ಗಣಕ್ಕೂ ಹಿತವಚನ ಹೇಳಬೇಕು, ಅನಂತರ ಆ ಗಣವನ್ನೇ ಬಿಟ್ಟು ಬೇರೆ ಗಣಕ್ಕೆ ಹೋಗಬೇಕು ಎಂದು ಆ ಗ್ರಂಥ ವಿಧಿಸುತ್ತದೆ.

ಬೇರೆ ಗಣಕ್ಕೆ ಏಕೆ? ಕಾರಣಗಳನ್ನೂ ಅದು ಕೊಡುತ್ತದೆ. ತನ್ನ ಗಣದಲ್ಲೇ ಉಳಿದರೆ ಯಾರಾದರೂ ಆಜ್ಞೆ ಮೀರಿದಾಗ ಕೋಪ ಬರಬಹುದು, ಕಟುವಾದ ಮಾತು ಹೊರಡಬಹುದು, ಕಲಹ ಹುಟ್ಟಬಹುದು, ಸಂತಾಪವಾಗಬಹುದು. ಶಿಷ್ಯರ ಮೇಲಿನ ಸ್ನೇಹ, ಅವರ ಕಷ್ಟವನ್ನು ಕಂಡಾಗಿನ ಕರುಣೆ ಧ್ಯಾನಕ್ಕೆ ವಿಘ್ನವಾಗಬಹುದು. ಸಕಲ ಪರಿಗ್ರಹವನ್ನೂ ತೊರೆದು ದಶಕಗಳ ಕಾಲ ತಪಸ್ಸು ಮಾಡಿದ ಆಚಾರ್ಯನಿಗೇ ಈ ಎಚ್ಚರಿಕೆ. ತಾನು ಕಟ್ಟಿದ ಸಂಘ ತನ್ನ ಕಣ್ಣೆದುರು ಬೇರೆಯವರ ಮಾತಿನಂತೆ ನಡೆಯುವುದನ್ನು ನೋಡುತ್ತ ಸಮಚಿತ್ತದಿಂದಿರುವುದು ಅಂಥವರಿಗೂ ಸುಲಭವಲ್ಲವೆಂದು ಶಾಸ್ತ್ರಕಾರರು ಅರಿತಿದ್ದರು. ಹಿತವಚನ ಒಮ್ಮೆ ಹೇಳಿ ಮುಗಿಸಿ, ದಿನವೂ ಹೇಳುವ ಅವಕಾಶವೇ ಇಲ್ಲದಷ್ಟು ದೂರ ಹೋಗಬೇಕೆಂಬ ವಿಧಿಯ ಹಿಂದೆ ಎಂಥ ಮನುಷ್ಯಜ್ಞಾನವಿದೆ!

ಈ ಆದರ್ಶ ಗ್ರಂಥಗಳಲ್ಲಿ ಮಾತ್ರ ಉಳಿದದ್ದಲ್ಲ. ಬೆಳಗಾವಿ ಜಿಲ್ಲೆಯ ನೆಲದಲ್ಲಿ ಹುಟ್ಟಿ, ದಿಗಂಬರ ಮುನಿಪರಂಪರೆಗೆ 20ನೆಯ ಶತಮಾನದಲ್ಲಿ ಹೊಸ ಚೈತನ್ಯ ತಂದ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನೆಯಲ್ಲಿದ್ದಾಗ, ದೂರದ ಜಯಪುರದಲ್ಲಿದ್ದ ಶಿಷ್ಯ ವೀರಸಾಗರ ಮುನಿಗಳನ್ನು ಆಚಾರ್ಯರೆಂದು ಘೋಷಿಸಿದರು. ಉತ್ತರಾಧಿಕಾರಿ ತಮ್ಮ ಕಣ್ಣಳತೆಯಲ್ಲೇ ಇರಬೇಕೆಂದು ಅವರು ಬಯಸಲಿಲ್ಲ.

ಇನ್ನೊಂದು ಪ್ರಸಂಗ ರಾಜಸ್ಥಾನದ ಅಜ್ಮೇರ್ ಬಳಿಯ ನಸೀರಾಬಾದಿನದು. ಆಚಾರ್ಯ ಜ್ಞಾನಸಾಗರ ಮಹಾರಾಜರು ಸಂಸ್ಕೃತದಲ್ಲಿ ‘ಜಯೋದಯ’, ‘ವೀರೋದಯ’ಗಳಂಥ ಮಹಾಕಾವ್ಯಗಳನ್ನು ರಚಿಸಿದ ಮಹಾವಿದ್ವಾಂಸರು. ಬೆಳಗಾವಿ ಜಿಲ್ಲೆಯ ಸದಲಗಾದಿಂದ ಜ್ಞಾನವನ್ನು ಅರಸುತ್ತ ಬಂದ ಕನ್ನಡದ ತರುಣ ವಿದ್ಯಾಧರನಿಗೆ ಅವರು 1968ರ ಜೂನ್ 30ರಂದು ಅಜ್ಮೇರಿನಲ್ಲಿ ಮುನಿದೀಕ್ಷೆ ಕೊಟ್ಟರು. ಅವನು ವಿದ್ಯಾಸಾಗರ ಮುನಿಯಾದ. ನಾಲ್ಕು ವರ್ಷಗಳ ಅನಂತರ, 1972ರ ನವೆಂಬರ್ 22ರಂದು, ಗುರುಗಳು ತಮ್ಮ ಆಚಾರ್ಯಪದವನ್ನು ತ್ಯಜಿಸಿ 26ರ ಹರೆಯದ ಆ ಶಿಷ್ಯನಿಗೆ ಅದನ್ನು ವಹಿಸಿದರು. ಆಗ ಗುರುಗಳು ವಯೋವೃದ್ಧರಾಗಿದ್ದರು. ತಾವು ಕುಳಿತಿದ್ದ ಪೀಠದಲ್ಲಿ ಶಿಷ್ಯನನ್ನು ಕುಳ್ಳಿರಿಸಿದರು. ತಾವು ಕೆಳಗಿನ ಆಸನದಲ್ಲಿ ಕುಳಿತು ಹೊಸ ಆಚಾರ್ಯರಿಗೆ ನಮಿಸಿದರು. ತಮ್ಮ ಸಲ್ಲೇಖನೆಯನ್ನು ನಿರ್ವಹಿಸುವ ನಿರ್ಯಾಪಕಾಚಾರ್ಯರಾಗಬೇಕೆಂದು ಅವರನ್ನೇ ಪ್ರಾರ್ಥಿಸಿದರು.

ಈ ದೃಶ್ಯದ ತೂಕವನ್ನು ಅಳೆಯುವುದು ಕಷ್ಟ. ಅಕ್ಷರದಿಂದ ಆಗಮದವರೆಗೆ ತಾವೇ ಕಲಿಸಿದ ಹುಡುಗನ ಕೈಯಲ್ಲಿ ಆ ವೃದ್ಧ ಗುರುಗಳು ಸಂಘವನ್ನಷ್ಟೇ ಇಡಲಿಲ್ಲ, ತಮ್ಮ ಜೀವನದ ಕೊನೆಯ ಮತ್ತು ಅತಿ ಸೂಕ್ಷ್ಮವಾದ ಸಾಧನೆಯನ್ನೂ ಇಟ್ಟರು. ಬೇರೆ ಗಣಕ್ಕೆ ಹೋಗುವ ಬದಲು, ಅಲ್ಲಿಯೇ ಇದ್ದು, ತಮ್ಮ ಶಿಷ್ಯನನ್ನೇ ಗುರುವಾಗಿ ಸ್ವೀಕರಿಸಿ, ಅವನ ಆಜ್ಞೆಗೆ ಒಳಪಟ್ಟರು. ಹುಡುಗನಿಗೆ ಇನ್ನೂ ಅನುಭವ ಸಾಲದು, ನಾಲ್ಕು ವರ್ಷ ತಮ್ಮ ಕೈಕೆಳಗೆ ಪಳಗಲಿ ಎಂದು ಅವರು ಹೇಳಬಹುದಿತ್ತು, ಯಾರೂ ಅದನ್ನು ತಪ್ಪೆನ್ನುತ್ತಿರಲಿಲ್ಲ. 1973ರ ಜೂನ್ 1ರಂದು ಅವರ ಸಮಾಧಿಮರಣವಾಯಿತು. ಶಿಷ್ಯರು ಐದು ದಶಕಗಳಿಗೂ ಹೆಚ್ಚು ಕಾಲ ದೊಡ್ಡ ಸಂಘವನ್ನು ನಡೆಸಿದರು. ಮಣ್ಣನ್ನೇ ಮುಖ್ಯ ಪಾತ್ರವಾಗಿಸಿ ‘ಮೂಕಮಾಟಿ’ ಎಂಬ ಹಿಂದಿ ಮಹಾಕಾವ್ಯವನ್ನು ಬರೆದರು. 2024ರ ಫೆಬ್ರವರಿ 18ರಂದು ಡೋಂಗರಗಢದಲ್ಲಿ ದೇಹ ಬಿಡುವ ಮೊದಲು ಅವರೂ ಆಚಾರ್ಯಪದವನ್ನು ತ್ಯಜಿಸಿದ್ದರು. ಕೈಬಿಡುವುದನ್ನು ಕಂಡು ಬೆಳೆದವರು ಕೈಬಿಡಲು ಕಲಿಯುತ್ತಾರೆ.

ಗೃಹಸ್ಥರಿಗೆ ಇಷ್ಟು ಎತ್ತರ ಸಾಧ್ಯವೇ ಎಂದು ಹಿಂಜರಿಯಬೇಕಾಗಿಲ್ಲ. ಅವರಿಗಾಗಿಯೇ ಹೇಳಿದ ದಾರಿಯೊಂದಿದೆ. ಜಿನಸೇನಾಚಾರ್ಯರ ‘ಆದಿಪುರಾಣ’ದಲ್ಲಿ ದತ್ತಿಯನ್ನು, ಎಂದರೆ ದಾನವನ್ನು, ನಾಲ್ಕು ಬಗೆಯಾಗಿ ಹೇಳಿದೆ. ದೀನರಿಗೆ ಕೊಡುವುದು ದಯಾದತ್ತಿ, ಮುನಿಗಳಿಗೆ ಕೊಡುವುದು ಪಾತ್ರದತ್ತಿ, ಸಮಾನರಿಗೆ ಕೊಡುವುದು ಸಮದತ್ತಿ. ನಾಲ್ಕನೆಯದು ಅನ್ವಯದತ್ತಿ ಅಥವಾ ಸಕಲದತ್ತಿ. ಧರ್ಮ ಮತ್ತು ಧನದೊಡನೆ ಕುಟುಂಬದ ಸಮಸ್ತ ಭಾರವನ್ನು ಮಗನಿಗೆ ಒಪ್ಪಿಸುವುದು. ಅಧಿಕಾರದ ಹಸ್ತಾಂತರವನ್ನು ವ್ಯವಹಾರದ ಪಟ್ಟಿಯಿಂದ ತೆಗೆದು ದಾನದ ಪಟ್ಟಿಗೆ ಸೇರಿಸಿದ್ದು ಸಣ್ಣ ಸಂಗತಿಯಲ್ಲ. ಒಮ್ಮೆ ಅದು ದಾನವೆಂದಾದರೆ ದಾನದ ನಿಯಮಗಳೆಲ್ಲ ಅದಕ್ಕೂ ಅನ್ವಯಿಸಬೇಕಷ್ಟೆ. ಮುನಿಗಳ ಕೈಯಲ್ಲಿಟ್ಟ ತುತ್ತನ್ನು ಯಾವ ಶ್ರಾವಕನೂ ಹಿಂದಕ್ಕೆ ತೆಗೆದುಕೊಂಡು ‘ಹೀಗಲ್ಲ, ಹೀಗೆ ಸೇವಿಸಬೇಕು’ ಎನ್ನುವುದಿಲ್ಲ.

ದಾನಕ್ಕೆ ಸಂಬಂಧಿಸಿದ ಅತಿಚಾರಗಳಲ್ಲಿ ‘ಮಾತ್ಸರ್ಯ’ ಮತ್ತು ‘ಕಾಲಾತಿಕ್ರಮ’ ಎಂಬ ಎರಡನ್ನು ಇಲ್ಲಿ ನೆನೆಯಬಹುದು. ಆದರವಿಲ್ಲದೆ ಕೊಡುವುದು ಮೊದಲನೆಯದು, ಹೊತ್ತು ಮೀರಿದ ಮೇಲೆ ಕೊಡುವುದು ಎರಡನೆಯದು. ಅತಿಥಿಗೆ ಆಹಾರ ಕೊಡುವ ವಿಷಯದಲ್ಲಿ ಇವನ್ನು ಹೇಳಿದ್ದರೂ ಅಧಿಕಾರದ ವಿಷಯಕ್ಕೂ ಇವು ಹೊಂದುತ್ತವೆ. ‘ಇವನಿಗೆ ಏನು ಗೊತ್ತು, ಆದರೂ ಕೊಡಬೇಕಲ್ಲ’ ಎಂದು ಕೊಟ್ಟ ಜವಾಬ್ದಾರಿ ಮಾತ್ಸರ್ಯದಿಂದ ಮಲಿನವಾದದ್ದು. ಮಗನಿಗೆ ಐವತ್ತೈದು ತುಂಬಿ, ಅವನ ಉತ್ಸಾಹವೆಲ್ಲ ಆರಿದ ಮೇಲೆ ಕೊಟ್ಟ ಯಜಮಾನಿಕೆ ಕಾಲಾತಿಕ್ರಮಕ್ಕೆ ಒಳಗಾದದ್ದು. ಹಸಿವಿದ್ದಾಗ ಬಡಿಸದೆ, ಹಸಿವು ಸತ್ತ ಮೇಲೆ ಎಲೆ ಹಾಕಿದಂತೆ ಅದು.

ಹತ್ತನೆಯ ಪ್ರತಿಮೆಯನ್ನು ಇಂದೇ ಸ್ವೀಕರಿಸಲು ಎಲ್ಲರಿಂದಲೂ ಆಗದು. ಆದರೆ ಅದರ ಅಭ್ಯಾಸವನ್ನು ಸಣ್ಣದಾಗಿ ಆರಂಭಿಸಲು ಯಾರೂ ತಡೆಯುವುದಿಲ್ಲ. ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಅಥವಾ ಏಕಭುಕ್ತ ಮಾಡುವ ಮನೆಗಳು ಅನೇಕವಿವೆ. ಅದೇ ದಿನಗಳಲ್ಲಿ ಮನೆಯ ಅಥವಾ ಸಂಸ್ಥೆಯ ಹಿರಿಯರು ‘ಈ ದಿನ ಕೇಳದೆ ಸಲಹೆ ಕೊಡುವುದಿಲ್ಲ’ ಎಂಬ ನಿಯಮವನ್ನೂ ಜೊತೆಗೆ ಹಿಡಿಯಬಹುದು. ಹೊಟ್ಟೆಯ ಉಪವಾಸಕ್ಕಿಂತ ನಾಲಗೆಯ ಈ ಉಪವಾಸ ಎಷ್ಟು ಕಠಿಣವೆಂಬುದು ಮಧ್ಯಾಹ್ನದೊಳಗೆ ತಿಳಿಯುತ್ತದೆ.

ಮಾತು ಬಾಯಿಗೆ ಬಂದಾಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬಹುದು: ಇದು ಅಪಾಯದ ಮಾತೋ, ಅಭಿರುಚಿಯ ಮಾತೋ? ಜೀವಹಿಂಸೆಯಾಗುವಂತಿದ್ದರೆ, ಅಪ್ರಾಮಾಣಿಕತೆ ನುಸುಳುತ್ತಿದ್ದರೆ, ಯಾರಿಗಾದರೂ ಅನ್ಯಾಯವಾಗುತ್ತಿದ್ದರೆ ಹೇಳಲೇಬೇಕು. ಅಲ್ಲಿ ಮೌನವೇ ಅನುಮೋದನೆಯಾಗುತ್ತದೆ. ಆದರೆ ಹಿರಿಯರ ಬಾಯಿಂದ ದಿನವೂ ಹೊರಡುವ ತಿದ್ದುಪಡಿಗಳನ್ನು ಪ್ರಾಮಾಣಿಕವಾಗಿ ಎಣಿಸಿದರೆ ಅಪಾಯದವು ಕೆಲವೇ, ಉಳಿದವೆಲ್ಲ ಅಭಿರುಚಿಯವು. ಮಂಟಪದ ಹೂವು ಹಳದಿಯೋ ಬಿಳಿಯೋ, ಹೋಳಿಗೆ ಮೊದಲೋ ಪಾಯಸ ಮೊದಲೋ, ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ ಎಂಬಂಥವು. ಇವುಗಳಲ್ಲಿ ಕಿರಿಯರು ತಪ್ಪಿದರೂ ಯಾರ ಮೋಕ್ಷಮಾರ್ಗವೂ ಕೆಡುವುದಿಲ್ಲ. ತಪ್ಪಲು ಬಿಟ್ಟರೆ ಅವರು ಕಲಿಯುತ್ತಾರೆ, ತಪ್ಪಲು ಬಿಡದಿದ್ದರೆ ಹಿರಿಯರನ್ನು ಅವಲಂಬಿಸಲು ಮಾತ್ರ ಕಲಿಯುತ್ತಾರೆ.

ಕೆಲಸ ಮುಗಿದ ಮೇಲೆ ವಿಚಾರಿಸಲು ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳುವುದೂ ಒಳ್ಳೆಯದು. ಪರ್ವ ಮುಗಿದ ಮರುವಾರ ಸಮಿತಿಯವರೆಲ್ಲ ಕುಳಿತು, ಏನು ಸರಿಯಾಯಿತು, ಏನು ತಪ್ಪಿತು ಎಂದು ತಾವೇ ಹೇಳಿಕೊಳ್ಳಲಿ. ಅಧ್ಯಕ್ಷರು ಕೊನೆಯಲ್ಲಿ ಮಾತಾಡಲಿ. ಇದು ಗೃಹಸ್ಥರ ಆಲೋಚನೆ. ನೂರು ಜನರ ಮುಂದೆ ಪಂಕ್ತಿಯ ನಡುವೆ ಬಡಿಸುವ ಹುಡುಗನನ್ನು ಗದರಿಸುವುದರಿಂದ ಸಾಧ್ಯವಾಗದ್ದು, ಆ ಹುಡುಗ ತಾನಾಗಿ ‘ನನ್ನ ಅಂದಾಜು ತಪ್ಪಿತು, ಮುಂದಿನ ವರ್ಷ ಹೀಗೆ ಮಾಡುತ್ತೇನೆ’ ಎಂದಾಗ ಸಾಧ್ಯವಾಗುತ್ತದೆ. ಗದರಿಸಿದ ಮಾತಿನಿಂದ ಆ ಹುಡುಗನ ಮನಸ್ಸಿಗಾದ ನೋವು ಹಿಂಸೆಯ ಲೆಕ್ಕದಿಂದ ಹೊರಗಿಲ್ಲವೆಂಬುದನ್ನೂ ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಮರೆಯಬಾರದು.

ಅನುಮತಿವಿರತ ಶ್ರಾವಕನ ದಿನಚರಿಯನ್ನು ವರ್ಣಿಸುವಾಗ ಶ್ರಾವಕಾಚಾರ ಗ್ರಂಥಗಳು ಒಂದು ಸರಳ ಚಿತ್ರವನ್ನು ಕೊಡುತ್ತವೆ. ಅವನು ಜಿನಾಲಯದಲ್ಲಿ ಕುಳಿತು ಸ್ವಾಧ್ಯಾಯ ಮಾಡುತ್ತಿರುತ್ತಾನೆ. ಮಧ್ಯಾಹ್ನದ ವಂದನೆಯಾದ ಮೇಲೆ ಮನೆಯವರಾಗಲಿ ಬೇರೆಯವರಾಗಲಿ ಬಂದು ಕರೆದರೆ ಹೋಗಿ, ಬಡಿಸಿದ್ದನ್ನು ಉಣ್ಣುತ್ತಾನೆ. ಇಂಥದ್ದನ್ನು ಮಾಡಿ ಎನ್ನುವುದಿಲ್ಲ, ಇದೇಕೆ ಹೀಗಾಯಿತು ಎನ್ನುವುದಿಲ್ಲ. ಅದು ಯಾರೂ ಗಣನೆಗೆ ತೆಗೆದುಕೊಳ್ಳದ ಮುದುಕನ ಚಿತ್ರವಲ್ಲ. ಎಲ್ಲರಿಗೂ ಬೇಕಾದವನಾಗಿದ್ದೂ ತಾನು ಯಾರ ಮೇಲೂ ಹೊರೆಯಾಗದೆ ಇರಲು ಕಲಿತವನ ಚಿತ್ರ. ಆ ಮನೆಯಲ್ಲಿ ಕಿರಿಯರು ಭಯವಿಲ್ಲದೆ ದುಡಿಯುತ್ತಾರೆ, ಸಂದೇಹ ಬಂದಾಗ ತಾವಾಗಿಯೇ ಬಸದಿಯ ಕಡೆ ನಡೆದುಬಂದು ಅವರ ಪಕ್ಕದಲ್ಲಿ ಕುಳಿತು ಧರ್ಮದ ಮಾತು ಕೇಳುತ್ತಾರೆ.

ಅಂಗಡಿಯ ಗಲ್ಲೆಯ ಪಕ್ಕದ ಆ ಕುರ್ಚಿಯಿಂದ ಎದ್ದು ಬಸದಿಯ ಜಗಲಿಗೆ ಬರುವುದಕ್ಕೆ ಕೆಲವೇ ಹೆಜ್ಜೆಗಳು ಸಾಕು. ಆದರೆ ಶಾಸ್ತ್ರದ ಲೆಕ್ಕದಲ್ಲಿ ಅದು ಆಸ್ತಿಯನ್ನು ಬಿಟ್ಟ ಮೇಲೂ ಏರಬೇಕಾಗಿ ಉಳಿಯುವ ಒಂದು ಪೂರ್ಣ ಮೆಟ್ಟಿಲು. ಬೀಗದ ಕೈ ಕೊಟ್ಟವರು ಆ ಮೆಟ್ಟಿಲನ್ನೂ ಏರಲಿ. ಇನ್ನೂ ಕೊಡದವರು ಹೊತ್ತು ಮೀರುವ ಮೊದಲೇ, ಆದರದಿಂದ, ದಾನವೆಂದೇ ತಿಳಿದು ಕೊಡಲಿ. ಕೊಟ್ಟ ಮೇಲೆ ನೀರು ಮೀನಿಗೆ ಇರುವಂತೆ ಇರಲಿ.